ಅಕ್ಕ ಕಾಯಿಸಿದ ಕೊನೆಯ ಬೆಲ್ಲ

ಅಕ್ಕನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಮೂವತ್ತೈದು ವರ್ಷ ಹೇಳಲಿಲ್ಲ. ಹೇಳದೆಯೂ ದಿನ ಸಾಗುತ್ತಿತ್ತು.

ಕಳೆದ ತಿಂಗಳು ಬದಿಯಡ್ಕದ ಅಂಗಡಿಯಿಂದ ಓಲೆಬೆಲ್ಲದ, ತಾಳೆ ರಸ ಕಾಯಿಸಿ ಮಾಡಿದ ಬೆಲ್ಲದ, ಒಂದು ಅಚ್ಚು ತಂದೆ. ಒಣ ಎಲೆಯ ಕಟ್ಟು ಬಿಚ್ಚಿದರೆ ಹೊಗೆಯ ವಾಸನೆಯ ಜೊತೆ ಸಣ್ಣ ಹುಳಿ. ಬೆಲ್ಲ ಮೆತ್ತಗಿತ್ತು, ಬೆರಳಿಗೆ ಅಂಟುತ್ತಿತ್ತು.

“ಕೈಗುಣ ಇಲ್ಲದವರು ಕಾಯಿಸಿದ್ದು,” ಎಂದೆ.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮಗಳು ನಕ್ಕಳು. “ಕೈಗುಣ ಎಂತದೂ ಇಲ್ಲ ಅಮ್ಮ. ತಾಳೆ ರಸದ ಸಕ್ಕರೆ ಅಂದರೆ ಎರಡು ಸಣ್ಣ ಸಕ್ಕರೆ ಒಂದಕ್ಕೊಂದು ಅಂಟಿಕೊಂಡದ್ದು. ರಸ ಹುಳಿ ಬಂದರೆ ಆ ಜೋಡಿ ಒಡೆಯುತ್ತದೆ. ಒಡೆದದ್ದು ಹರಳುಗಟ್ಟುವುದಿಲ್ಲ, ಸ್ವಲ್ಪ ಬೆರೆತರೂ ಉಳಿದದ್ದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಹುಳಿ ಬಾರದ ಹಾಗೆ ಮಡಕೆಗೆ ಸುಣ್ಣ ಹಚ್ಚುವುದು. ಹಚ್ಚದಿದ್ದರೆ ಯಾರು ಕಾಯಿಸಿದರೂ ಅಷ್ಟೆ.”

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೂ ಪೂರ್ತಿ ಅರ್ಥವಾಯಿತು...

ಅಪ್ಪ ತಾಳೆ ಮರ ಹತ್ತಿ ರಸ ಇಳಿಸುತ್ತಿದ್ದರು. ಮಡಕೆಗಳ ಒಳಮೈಗೆ ಸುಣ್ಣ ಬಳಿಯುವುದು ನನ್ನ ಕೆಲಸ, ಬೆಲ್ಲ ಕಾಯಿಸುವುದು ಅಕ್ಕನದು. ಪಾಕ ಬಂತೆಂದು ಅವಳು ಕುದಿಯುವ ಸದ್ದಿನಿಂದಲೇ ಹೇಳುತ್ತಿದ್ದಳು. ಅವಳು ತೆಂಗಿನ ಗೆರಟೆಗೆ ಹೊಯ್ದ ಬೆಲ್ಲ ಕಲ್ಲಿನಂತೆ ಕೂರುತ್ತಿತ್ತು. ಓದು ಬಾರದ ಅವಳಿಗೆ ಊರಿನಲ್ಲಿ ಹೆಸರು ತಂದುಕೊಟ್ಟದ್ದು ಅದೊಂದೇ.

ಮೂವತ್ತೈದು ವರ್ಷದ ಹಿಂದೆ ಒಂದು ಸಂಜೆ ನನ್ನ ಬೆರಳುಗಳು ಬಿರಿದಿದ್ದವು. ಸುಣ್ಣ ತಾಗಿದರೆ ಉರಿ. ಎಂಟು ಮಡಕೆಗಳಲ್ಲಿ ಮೂರನ್ನು ಬರೀ ತೊಳೆದು ಇಟ್ಟೆ. ಮರುದಿನ ಎಲ್ಲ ರಸ ಒಂದೇ ಬಾಣಲೆಗೆ ಬಿತ್ತು. ಅಕ್ಕ ಬಗ್ಗಿ ಮೂಸಿದಳು.

“ಸುಣ್ಣ ಹಚ್ಚಿದ್ದೀಯಲ್ಲ?”

“ಹೂಂ.”

ಬೆಲ್ಲ ಗಟ್ಟಿಯಾಗಲೇ ಇಲ್ಲ. ಊರಿನ ಒಂದು ಮದುವೆ ಮನೆಯವರು ಹೇಳಿಟ್ಟಿದ್ದ ಬೆಲ್ಲ ಅದು. ಅಪ್ಪ ನನ್ನತ್ತ ತಿರುಗುವ ಮೊದಲೇ ಅಕ್ಕ ಹೇಳಿದಳು: “ಅವಳು ಹಚ್ಚಿದ್ದಾಳೆ ಅಪ್ಪ. ನನ್ನ ಪಾಕವೇ ತಪ್ಪಿದ್ದು.”

ಬೆಲ್ಲ ಕೂರದ ಕೈಯನ್ನು ಮತ್ತೆ ಬಾಣಲೆಗೆ ತಾಗಿಸಬಾರದು ಎಂಬುದು ನಮ್ಮವರ ನಂಬಿಕೆ. ಅಪ್ಪ ಸಟ್ಟುಗವನ್ನು ಅವಳಿಂದ ತೆಗೆದು ನನಗೆ ಕೊಟ್ಟರು. ಪಾಕದ ಸದ್ದು ಗುರುತಿಸಲು ನನಗೆ ಕಲಿಸಿದವಳೂ ಅವಳೇ. ನನ್ನ ಕೈಗುಣವನ್ನು ಊರು ಹೊಗಳಿತು. ಅಕ್ಕ ಬೀಡಿ ಕಟ್ಟಲು ಕೂತಳು. ಮುಂದೆ ತನ್ನ ಮಗನ ಮದುವೆಯಲ್ಲೂ ಪಾಯಸದ ಹತ್ತಿರ ಸುಳಿಯಲಿಲ್ಲ. ಮೂರು ಮಡಕೆಯಿಂದ ಎಷ್ಟು ಕೆಟ್ಟೀತು, ಅವಳ ಕೈಯೂ ಅಂದು ಸೋತಿರಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಮಗಳ ಮಾತು ಆ ಆಸರೆಯನ್ನೂ ಕಿತ್ತುಕೊಂಡಿತು.

ಮೊನ್ನೆ ಭಾನುವಾರ ಹೊಸಂಗಡಿಯಲ್ಲಿ ಬಸ್ಸಿಳಿದು ಅಕ್ಕನ ಮನೆಗೆ ನಡೆದೆ. ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಉರಿಯುವ ಒಲೆಯ ಮುಂದೆ ಕೂತಿದ್ದವಳು ನನ್ನನ್ನು ಕಂಡು ನಕ್ಕಳು.

“ಎಂತ ಮಾರಾಯ್ತಿ, ದಾರಿ ತಪ್ಪಿ ಬಂದದ್ದಾ? ಬಂದದ್ದು ಒಳ್ಳೆಯದೇ ಆಯಿತು. ಮೊಮ್ಮಗಳಿಗೆ ಪಾಯಸ ಬೇಕಂತೆ. ಬೆಲ್ಲ ನೀನೇ ಕರಗಿಸು. ನನ್ನ ಕೈಯ ಸಂಗತಿ ಗೊತ್ತುಂಟಲ್ಲ ನಿನಗೆ.”

ತಮಾಷೆಗೆಂಬಂತೆ ಹೇಳಿದಳು. ಆದರೆ ಎರಡೂ ಕೈಗಳನ್ನು ಒಲೆಯಿಂದ ಹಿಂದಕ್ಕೆಳೆದುಕೊಂಡಿದ್ದಳು. ಬೀಡಿ ಎಲೆ ಕತ್ತರಿಸಿ ಕತ್ತರಿಸಿ ಆ ಹೆಬ್ಬೆರಳು ಸೊಟ್ಟಗಾಗಿತ್ತು. ಅಷ್ಟು ವರ್ಷಗಳನ್ನು ನಾನು ಎಲ್ಲಿಂದ ತಂದು ಕೊಡಲಿ...

ಒಲೆ ಆರಿಸಿದೆ. ಆ ಕೈಗಳನ್ನು ಹಿಡಿದುಕೊಂಡೆ.

“ಅಕ್ಕ, ಅಂದು ಮೂರು ಮಡಕೆಗೆ ನಾನು ಸುಣ್ಣ ಹಚ್ಚಿರಲಿಲ್ಲ. ಹಚ್ಚಿದ್ದೇನೆಂದು ನಿನ್ನ ಹತ್ತಿರ ಸುಳ್ಳು ಹೇಳಿದೆ. ನಿನ್ನ ಕೈಗೆ ಎಂತದೂ ಆಗಿರಲಿಲ್ಲ. ನನ್ನಿಂದ ತಪ್ಪಾಯಿತು ಅಕ್ಕ.”