ನೋಡುವ ಅನುಮತಿ

ಕಂಪ್ಯೂಟರಿನ ಮುಂದೆ ಕೂರುವ ಮುನ್ನ ವಿಮಲಾ ಆಂಟಿ ಎರಡೂ ಕೈಯ ಬಳೆಗಳನ್ನು ಬಿಚ್ಚಿ ಒಂದು ಸ್ಟೀಲ್ ಬಟ್ಟಲಿಗೆ ಹಾಕುತ್ತಿದ್ದರು, ಹಿಟ್ಟು ನಾದಲು ಹೊರಟವರ ಹಾಗೆ. ಆಮೇಲೆ ಸೇವೆಗೆಂದು ಹೊಸದಾಗಿ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲಿನ ಒಂದೊಂದು ಚೌಕವನ್ನೂ ಗಟ್ಟಿಯಾಗಿ ಓದಿಸುವರು. ಹೆಸರು ನೋಡಬಹುದು. ಅಪಾಯಿಂಟ್‌ಮೆಂಟ್ ಬದಲಿಸಬಹುದು. ಕಾಯಿಲೆಯ ವಿವರ ತೆರೆಯಬಹುದು. "ಇದು ನಿಮಗೆ ಯಾವ ಕೆಲಸಕ್ಕೆ?" ಎಂದು ಪ್ರತಿ ಚೌಕಕ್ಕೂ ಕೇಳುವರು. ಉತ್ತರ ಒಪ್ಪಿಗೆಯಾದರೆ ಮಾತ್ರ ಟಿಕ್.

ನಾವು ವಲಸೆ ಬಂದು ನೆಲೆಸಿದ ಕ್ಯಾರಿ ಎಂಬ ಊರಿನಲ್ಲಿ ಇನ್ಶೂರೆನ್ಸ್ ಇಲ್ಲದವರಿಗಾಗಿ ಶನಿವಾರ ನಡೆಯುವ ಸಣ್ಣ ಕ್ಲಿನಿಕ್ ಅದು. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ಆಂಟಿ, ಅಲ್ಲಿನ ಸಾಫ್ಟ್‌ವೇರಿನಲ್ಲಿ ಯಾರು ಏನು ನೋಡಬಹುದು ಎಂಬುದನ್ನು ನಿರ್ಧರಿಸುತ್ತಿದ್ದರು. ಕ್ಲಿನಿಕ್ಕಿನ ನಿರ್ದೇಶಕರು ತಮಗೆ ಎಲ್ಲವೂ ಕಾಣಬೇಕೆಂದಾಗ, ನೀವು ಬಾಸ್, ನರ್ಸ್ ಅಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ನಯವಾಗಿ ಹೇಳಿ ಅವರನ್ನೂ ಬರಿಗೈಯಲ್ಲಿ ಕಳಿಸಿದ್ದರು. ಮುಖ ಸಣ್ಣದು ಮಾಡಿಕೊಂಡವರಿಗೆ ಅವರದು ಒಂದೇ ಮಾತು: "ಕೊಡ್ಲಿಲ್ಲ ಅಂತ ಬೇಜಾರಾಗ್ಬೇಡಿ. ನಾಳೆ ಏನಾದ್ರೂ ಹೊರಗೆ ಹೋದ್ರೆ ನಿಮ್ಮನ್ನ ಯಾರೂ ಅನುಮಾನಿಸಲ್ಲ."

ಕೋವಿಡ್ ಲಸಿಕೆಯ ವಸಂತದಲ್ಲಿ, ಎರಡು ಸಾವಿರದ ಇಪ್ಪತ್ತೊಂದರಲ್ಲಿ, ನನ್ನನ್ನು ಅವರು ತಮ್ಮ ಸಹಾಯಕ್ಕೆ ಇಟ್ಟುಕೊಂಡರು. ಆ ದಿನಗಳಲ್ಲೇ ನಮ್ಮ ಕಡೆಯ ಒಬ್ಬಳು ಹುಡುಗಿ ಬರತೊಡಗಿದ್ದಳು. ಗಂಡನ ಕೆಲಸ ಹೋಗಿ, ಅದರೊಡನೆ ಇನ್ಶೂರೆನ್ಸೂ ಹೋಗಿತ್ತು. ಅವಳ ಹೆಸರಾಗಲಿ ಕಾಯಿಲೆಯಾಗಲಿ ಇಲ್ಲಿ ಬೇಡ. ಔಷಧಿ ನಿಲ್ಲಿಸಿದರೆ ಜೀವಕ್ಕೇ ಕುತ್ತು ಎಂದಷ್ಟು ತಿಳಿದರೆ ಸಾಕು. ಮೊದಲ ದಿನವೇ ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಆಂಟಿಗೆ ಹೇಳಿದ್ದಳು: "ನಮ್ಮೋರು ಯಾರಿಗೂ ಗೊತ್ತಾಗ್ಬಾರ್ದು ಆಂಟಿ. ಗೊತ್ತಾದ್ರೆ ನಾನು ಬರೋದೇ ಇಲ್ಲ." ಆಂಟಿ ಮಾತು ಕೊಟ್ಟಿದ್ದರು.

ಆ ತಿಂಗಳು ಕಾರುಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ಒಂದು ಬೆಳಿಗ್ಗೆ ಹನ್ನೊಂದು ಮಂದಿ ಹೊಸ ಸ್ವಯಂಸೇವಕರು ನನ್ನ ಮೇಜಿನ ಮುಂದೆ ನಿಂತರು. ಹೆಚ್ಚಿನವರು ನಮ್ಮವರೇ, ನನಗಿಂತ ಹಿರಿಯರು. ಹಿರಿಯರನ್ನು ನಿಲ್ಲಿಸಿಕೊಂಡು ನಾನು ಕುಳಿತಿರಬಾರದೆಂದು ಕಾನ್ವೆಂಟ್ ಶಾಲೆಯ ಸಿಸ್ಟರುಗಳು ಕಲಿಸಿದ್ದು ಮೈಗೆ ಹತ್ತಿಬಿಟ್ಟಿದೆ. ಚೌಕಗಳನ್ನು ಓದಿಸಲಿಲ್ಲ. ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದ ಉಷಾಳ ಅನುಮತಿಗಳನ್ನೇ ಹನ್ನೊಂದು ಹೆಸರಿಗೂ ಕಾಪಿ ಮಾಡಿದೆ. ಎರಡು ನಿಮಿಷದ ಕೆಲಸ. ಆದರೆ ಮೇಜಿನಲ್ಲಿ ಕೂರುತ್ತಿದ್ದರೂ ಉಷಾ ನರ್ಸ್. ಅವಳು ತೆರೆಯಬಹುದಾದದ್ದನ್ನೆಲ್ಲ ಈಗ ಪಾರ್ಕಿಂಗಿನಲ್ಲಿ ಟ್ಯಾಬ್ಲೆಟ್ ಹಿಡಿದು ಹೆಸರು ನೋಡುವವರೂ ತೆರೆಯಬಹುದಿತ್ತು.

ಮುಂದಿನ ಶುಕ್ರವಾರ ಪಟ್ಟಿ ಪರಿಶೀಲಿಸುತ್ತಿದ್ದ ಆಂಟಿ ನನ್ನನ್ನು ಮನೆಗೆ ಕರೆದರು. ಹೊಸಬರನ್ನು ಹೇಗೆ ಸೇರಿಸಿದೆ ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ, ಬಳೆ ಬಿಚ್ಚಿ ಪಕ್ಕಕ್ಕಿಟ್ಟು ಆ ಹುಡುಗಿಯ ದಾಖಲೆಯನ್ನು ಯಾರು ಯಾರು ತೆರೆದಿದ್ದಾರೆಂಬ ಪಟ್ಟಿಯನ್ನು ತೆಗೆದರು. ಡಾಕ್ಟರು. ಉಷಾ. ಮತ್ತೆ ಡಾಕ್ಟರು. ಒಂದೊಂದು ಸಾಲಿಗೂ ಬೆರಳಿಟ್ಟು ಕೆಳಗಿಳಿದರು. ಕೊನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ಶನಿವಾರ ಹನ್ನೊಂದೂ ಕಾಲು, ಆರು ನಿಮಿಷ, ಪಾರ್ಕಿಂಗಿನ ಟ್ಯಾಬ್ಲೆಟ್. ಹೆಸರು ಆಂಟಿಯ ಗಂಡನದು.

ಮೂರ್ತಿ ಅಂಕಲ್ ಪಕ್ಕದ ಕೋಣೆಯಲ್ಲೇ ಇದ್ದರು. ನಿವೃತ್ತ ಡಾಕ್ಟರು, ಆ ಹನ್ನೊಂದು ಮಂದಿಯಲ್ಲಿ ಒಬ್ಬರು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಕಾರುಗಳಿಗೆ ದಾರಿ ತೋರಿಸುವುದರಲ್ಲಿ ಅವರಿಗೆ ಮಕ್ಕಳ ಸಂತೋಷ. ಆಂಟಿ ಕರೆದು ಪರದೆಯನ್ನು ಅವರ ಕಡೆ ತಿರುಗಿಸಿದರು.

"ಹುಡುಗಿ ಸೊರಗಿದ್ಳು ಕಣೇ. ಡೋಸ್ ಸರಿಯಿದ್ಯಾ ಅಂತ ನೋಡ್ದೆ, ಅಷ್ಟೆ."

"ಅವಳು ನಿಮ್ಮನ್ನ ಕೇಳಿದ್ಳಾ?"

ಅಂಕಲ್ ಕನ್ನಡಕ ತೆಗೆದು ಒರೆಸಿದರು. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಎಂದರು. ಅದು ನಿಜವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆಂಟಿ ಅವರೆದುರಿಗೇ ಹನ್ನೊಂದು ಮಂದಿಯ ಅನುಮತಿಯನ್ನೂ ಹಿಂದಕ್ಕೆ ತೆಗೆದರು. ನಿರ್ದೇಶಕರಿಗೆ ಬರೆಯುತ್ತೇನೆ, ಹುಡುಗಿಗೂ ತಿಳಿಸಬೇಕು ಎಂದರು.

"ಹೇಳಿದ್ರೆ ಅವಳು ಔಷಧಿ ಬಿಡ್ತಾಳೆ ವಿಮಲಾ," ಅಂದರು ಅಂಕಲ್, ಈಗ ಡಾಕ್ಟರ ದನಿಯಲ್ಲಿ. "ಆ ಪಾಪ ಯಾರಿಗೆ?"

ಆಂಟಿ ಬಳೆಗಳನ್ನು ಒಂದೊಂದಾಗಿ ತೊಟ್ಟುಕೊಂಡರು. ಹೇಳದಿರಲಿ ದೇವರೇ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಹುಡುಗಿಗಾಗಿ ಎಂದುಕೊಂಡೆ, ನನಗಾಗಿಯೂ ಇತ್ತು.

"ಹೇಳ್ದೇ ಇದ್ರೆ ಅವಳು ನನ್ನ ಮಾತು ನಂಬ್ಕೊಂಡು ಬರ್ತಾ ಇರ್ತಾಳೆ," ಎಂದರು ಆಂಟಿ. "ಆ ಮಾತು ಈಗ ನಿಜ ಅಲ್ವಲ್ಲ."

ಮರುದಿನ ಕ್ಲಿನಿಕ್ ಮುಗಿಸಿಕೊಂಡು ಅವಳ ಅಪಾರ್ಟ್‌ಮೆಂಟಿಗೆ ಆಂಟಿಯೂ ನಾನೂ ಹೋದೆವು. ಬಾಗಿಲ ಹೊರಗೆ ಮಾಸ್ಕ್ ಹಾಕಿಕೊಂಡು ನಿಂತು ಆಂಟಿ ನಡೆದದ್ದನ್ನು ಹೇಳಿದರು, ತಮ್ಮ ಗಂಡನ ಹೆಸರು ಸಮೇತ. ತಪ್ಪು ಶುರುವಾದದ್ದು ನನ್ನಿಂದ ಎಂದು ನಾನೂ ಹೇಳಿದೆ. ಊರಾಚೆ ಇನ್ನೊಂದು ಕ್ಲಿನಿಕ್ಕಿದೆ, ಅಲ್ಲಿ ನಮ್ಮವರಿಲ್ಲ ಎಂದು ಆಂಟಿ ಒಂದು ಚೀಟಿ ಕೊಟ್ಟರು. ಹುಡುಗಿ ಒಳಗೆ ಕುಕ್ಕರ್ ಕೂಗಿದರೂ ಅಲುಗಾಡಲಿಲ್ಲ. "ಆಯ್ತು ಆಂಟಿ" ಎಂದು, ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.

ಕಾರಿನಲ್ಲಿ ಆಂಟಿ, ಅನುಮತಿಯ ಪಟ್ಟಿಯಿಂದ ತಮ್ಮ ಹೆಸರನ್ನೂ ತೆಗೆದುಬಿಡು ಎಂದರು. ನಾನು ಒಪ್ಪಲಿಲ್ಲ. "ನೋಡಿದವರು ನನ್ನ ಮನೇಲೇ ಇದ್ದಾರಲ್ಲ. ಅವಳು ನನ್ನ ಹೇಗೆ ನಂಬ್ತಾಳೆ?" ಎಂದರು. ನಿರ್ದೇಶಕರು ಇಬ್ಬರಲ್ಲಿ ಒಬ್ಬರಾದರೂ ಇರಬೇಕೆಂದರಂತೆ, ತಪ್ಪು ಮಾಡಿ ಕಲಿತವಳು ಇರಲಿ ಎಂದು ಆಂಟಿ ನನ್ನ ಹೆಸರು ಹೇಳಿದ್ದರು. ಸೋಮವಾರ ನಾನು ಅವರ ಹೆಸರನ್ನು ತೆಗೆದೆ. ಖಚಿತವೇ ಎಂದು ಪರದೆ ಎರಡು ಸಲ ಕೇಳಿತು.

ಆ ಬೇಸಿಗೆಯಲ್ಲಿ ಆಂಟಿ ಅಂಕಲ್ ಮಗಳ ಮನೆಗೆ ಹತ್ತಿರವಾಗಲೆಂದು ದೂರದ ಜಾನ್ಸ್ ಕ್ರೀಕ್‌ಗೆ ಹೊರಟರು. ಬೀಳ್ಕೊಡಲು ಹೋದಾಗ ಅಂಕಲ್ ಟ್ರಕ್ಕಿನವರಿಗೆ ಕುಂಡಗಳನ್ನು ತೋರಿಸುತ್ತಿದ್ದರು. ಗಂಡಹೆಂಡಿರ ನಡುವೆ ಅಗತ್ಯದ ಮಾತಷ್ಟೇ ಉಳಿದಂತಿತ್ತು. ಆಂಟಿ ಕರಿಬೇವಿನ ಗಿಡವನ್ನು ನನ್ನ ಕಾರಿನಲ್ಲಿಟ್ಟರು. ಕಣ್ಣ ಕೆಳಗೆ ಕಪ್ಪಾಗಿತ್ತು. ಅವರಿಗೆ ಒಂದೇ ಒಂದು ಸುದ್ದಿ ಕೊಡಬೇಕೆಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹಿಂದಿನ ಶನಿವಾರ ಆ ಹುಡುಗಿ ನಮ್ಮ ಕ್ಲಿನಿಕ್ಕಿಗೇ ಬಂದು, ನನ್ನ ಮೇಜಿನ ಮುಂದೆ ಕುಳಿತು, ತನ್ನ ಔಷಧಿ ತೆಗೆದುಕೊಂಡು ಹೋಗಿದ್ದಳು.

"ಆಂಟಿ, ಆ ಹುಡುಗಿ..." ಎಂದೆ.

ಅವರು ಅಂಗೈ ಎತ್ತಿದರು. ಪಟ್ಟಿಯಲ್ಲಿ ಈಗ ಅವರ ಹೆಸರಿರಲಿಲ್ಲ. ನನ್ನ ಮುಖವನ್ನೂ ನೋಡದೆ, ಅಲ್ಲಿಂದಲೂ ತಿಳಿದುಬಿಡುತ್ತದೇನೋ ಎಂಬಂತೆ, ಬೇರೆಡೆ ತಿರುಗಿದರು.

"ಗಿಡಕ್ಕೆ ಜಾಸ್ತಿ ನೀರು ಹಾಕ್ಬೇಡಮ್ಮ," ಎಂದರು.

ನಾನು ಹೇಳಲಿಲ್ಲ. ಮೊನ್ನೆ ಚಳಿಗಾಲದಲ್ಲಿ ಆಂಟಿ ತೀರಿಹೋದ ಸುದ್ದಿ ಬಂತು.