ಹದಿನಾಲ್ಕು ಬೋಲ್ಟು, ಒಂದು ಹೊಟ್ಟೆಕಿಚ್ಚು

ನದಿಯ ಮೇಲೆ ಇನ್ನೂ ಮಂಜು ಕೂತಿದೆ. ಮೊದಲ ಲಾಂಚು ಹತ್ತುತ್ತಿರುವವರು ಮೇಲಿನ ಗಾಜಿನ ಕೋಣೆಯತ್ತ ಕೈಬೀಸುತ್ತಿದ್ದಾರೆ. 'ನಮಸ್ಕಾರ ಕ್ಯಾಪ್ಟನ್', 'ಚೆನ್ನಾಗಿದೀರಾ ಕ್ಯಾಪ್ಟನ್'. ಬಿಳಿ ಅಂಗಿಯ ಕ್ಯಾಪ್ಟನ್ ಚುಕ್ಕಾಣಿಯ ಮೇಲೆ ಒಂದು ಕೈಯಿಟ್ಟು ಒಬ್ಬೊಬ್ಬರಿಗೂ ತಲೆಯಾಡಿಸುತ್ತಾರೆ.

ಅವರ ಕಾಲಡಿಯಲ್ಲಿ, ನೆಟ್ಟಗೆ ನಿಲ್ಲಲಾಗದ ಇಂಜಿನ್ ಕೋಣೆಯಲ್ಲಿ, ಒಬ್ಬ ಹೆಂಗಸು ಮೊಣಕಾಲೂರಿ ಕೂತಿದ್ದಾರೆ. ಆಯಿಲ್ ಕಡ್ಡಿ ಎಳೆದು, ಅಂಟಿದ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಗುಳ್ಳೆ ಏಳುತ್ತಿದೆಯೇ ಎಂದು ಇಣುಕುತ್ತಾರೆ. ಮೇಲಿನಿಂದ ಬೂಟುಗಾಲಲ್ಲಿ ಎರಡು ಸಲ ಕುಟ್ಟಿದ ಸದ್ದು ಬರುತ್ತದೆ. ಹೊರಡೋಣವೇ ಎಂಬ ಪ್ರಶ್ನೆ ಅದು. ಇವರು ಸ್ಪ್ಯಾನರಿನಿಂದ ಒಮ್ಮೆ ಕುಟ್ಟಿ ಸರಿ ಎನ್ನುತ್ತಾರೆ. ಮೇಲಿರುವವರು ಗಂಡ, ಕೆಳಗಿರುವವರು ಹೆಂಡತಿ. ದುಡಿಮೆಯ ಹೊತ್ತಿನಲ್ಲಿ ಇಬ್ಬರ ನಡುವೆ ಇಷ್ಟೇ ಮಾತು.

"ಇಂಜಿನ್ ಸದ್ದಿಗೆ ನನ್ನ ಎಡಗಿವಿ ಹೋಗಿದೆ. ಮಳೆ ಬಂದ್ರೂ ಗೊತ್ತಾಗಲ್ಲ. ಆದ್ರೆ ಮೇಲೆ ಯಾರಾದ್ರೂ 'ಕ್ಯಾಪ್ಟನ್' ಅಂದ್ರೆ ಮಾತ್ರ ಚೆನ್ನಾಗಿ ಕೇಳ್ಸತ್ತೆ" ಎನ್ನುತ್ತಾರೆ ಅವರು.

ದಡದ ವರ್ಕ್‌ಶಾಪಿನವರು ಅವರನ್ನು ಸ್ಪ್ಯಾನರ್ ಅಕ್ಕ ಎಂದು ಕರೆಯುತ್ತಾರೆ. ಉಳಿದವರಿಗೆ ಅವರು ಕ್ಯಾಪ್ಟನ್ ಮನೆಯವರು. ಮದುವೆಯ ಕರೆಯೋಲೆಗಳು 'ಕ್ಯಾಪ್ಟನ್ ಮತ್ತು ಕುಟುಂಬ' ಎಂದೇ ಬರುತ್ತವೆ. "ಆ ಕುಟುಂಬ ನಾನು" ಎಂದು ಅವರು ನಗದೆ ಹೇಳುತ್ತಾರೆ.

ಅಪ್ಪ ಪಂಪ್‌ಸೆಟ್ಟುಗಳ ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದರು. ಮಗಳು ಓದು ಕಲಿಯುವ ವಯಸ್ಸಿಗೇ ಪಿಸ್ಟನ್ ತೊಳೆಯುವುದನ್ನೂ ಕಲಿತರು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಲಾಂಚು ನಡೆಸುವುದನ್ನು ಕಲಿತು, ಇಬ್ಬರೂ ಚುಕ್ಕಾಣಿಯ ಕೆಲಸಕ್ಕೇ ಅರ್ಜಿ ಹಾಕಿದರು. ಆಗಿನ ಮ್ಯಾನೇಜರು, "ಚುಕ್ಕಾಣಿಗೆ ಯಾರಾದ್ರೂ ಸಿಗ್ತಾರೆ ತಾಯಿ, ಇಂಜಿನ್ ಗೊತ್ತಿರೋರು ಸಿಗಲ್ಲ" ಎಂದು ಇವರನ್ನು ಕೆಳಕ್ಕಿಳಿಸಿದರು. ಅದು ಹೊಗಳಿಕೆಯೇ. ಆದರೆ ಆ ಹೊಗಳಿಕೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಗಂಡ ಬೆಳಗ್ಗೆ ತೊಟ್ಟ ಬಿಳಿ ಅಂಗಿಯನ್ನು ಸಂಜೆಗೂ ಬಿಳಿಯಾಗಿಯೇ ತರುತ್ತಾರೆ. ಇವರ ಮುಂಗೈಯಲ್ಲಿ ಬಿಸಿ ಪೈಪು ತಗಲಿದ ಕಲೆಗಳು ಸಾಲುಗಟ್ಟಿವೆ. ಮನೆಯಲ್ಲಿ ಅತ್ತೆ ನೆಂಟರ ಮುಂದೆ, "ನನ್ನ ಮಗ ಇಲ್ದಿದ್ರೆ ಈ ಹೊಳೇನ ಯಾರು ದಾಟಿಸ್ತಿದ್ರು" ಎಂದಾಗ ಇವರು ಎದ್ದು ಪಾತ್ರೆ ತೊಳೆಯಲು ಹೋಗುತ್ತಾರೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದದ್ದೂ ಉಂಟು.

ಈ ಹೊಟ್ಟೆಕಿಚ್ಚು ಅವರನ್ನು ಹೋದ ತಿಂಗಳು ಅಡಕತ್ತರಿಗೆ ಸಿಕ್ಕಿಸಿತ್ತು.

ಇಂಜಿನಿನ ಗ್ಯಾಸ್ಕೆಟ್ ಹೋಗಿ, ಮೇಲಿನ ಭಾರದ ಮುಚ್ಚಳ, ಅಂದರೆ ಹೆಡ್ಡನ್ನು, ಬಿಚ್ಚಬೇಕಾಯಿತು. ಅದನ್ನು ಕಚ್ಚಿ ಹಿಡಿದಿರುವುದು ಹದಿನಾಲ್ಕು ಉದ್ದನೆಯ ಬೋಲ್ಟುಗಳು. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಬಿಚ್ಚಿದಾಗ ಮೊದಲಿನ ಅಳತೆಗೆ ಮರಳಬೇಕು. ಮರಳದಿದ್ದರೆ ಅದರ ಕಸುವು ಮುಗಿದಂತೆ. ಕೆಲವು ಇಂಜಿನುಗಳಲ್ಲಿ ಯೋಚನೆಯೇ ಬೇಡ, ಬಿಚ್ಚಿದ ಬೋಲ್ಟನ್ನು ಎಸೆದು ಹೊಸದು ಹಾಕಬೇಕು. ಲಾಂಚಿನ ಇಂಜಿನ್ ಹಳೆಯದು. ಅಳತೆ ಮಿತಿಯೊಳಗಿದ್ದು ಥ್ರೆಡ್ಡು ನೆಟ್ಟಗಿದ್ದರೆ ಅವೇ ಬೋಲ್ಟುಗಳನ್ನು ಮತ್ತೆ ಹಾಕಬಹುದು. ಹಾಕಬೇಕೋ ಬಿಡಬೇಕೋ ಎಂದು ಹೇಳುವವರು ಇವರೊಬ್ಬರೇ.

ಆ ವಾರದ ಕೊನೆಗೆ, ಭಾನುವಾರ, ಲಾಂಚಿನ ಮೇಲೆಯೇ ಕ್ಯಾಪ್ಟನ್ನರಿಗೆ ಸನ್ಮಾನವಿತ್ತು. ಇಪ್ಪತ್ತೈದು ವರ್ಷ ಒಂದೂ ಅಪಘಾತವಿಲ್ಲದೆ ಚುಕ್ಕಾಣಿ ಹಿಡಿದದ್ದಕ್ಕೆ. ಟಿವಿಯವರೂ ಬರುವವರಿದ್ದರು. ಹೊಸ ಬೋಲ್ಟು ತರಿಸಿದರೆ ಬರುವಷ್ಟರಲ್ಲಿ ಭಾನುವಾರ ಕಳೆದಿರುತ್ತಿತ್ತು.

"ಅದೇ ಇಪ್ಪತ್ತೈದು ವರ್ಷ ಇಂಜಿನ್ನೂ ನಡು ಹೊಳೇಲಿ ನಿಂತಿಲ್ಲ. ಅದನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ" ಎಂದು ಅವರು ಸೆರಗಿನ ತುದಿಯಲ್ಲಿ ಬೆರಳೊರೆಸಿಕೊಳ್ಳುತ್ತಾರೆ. "ಬೋಲ್ಟ್ ತೊಳೀತಾ ಕೂತಿದ್ದೆ. ಒಂದಾದ್ರೂ ಕೆಟ್ಟಿರ್ಲಿ ಅಂತ ಮನಸ್ಸು ಬೇಡ್ಕೋತಿತ್ತು. ಕೆಟ್ಟಿಲ್ದಿದ್ರೂ ಕೆಟ್ಟಿದೆ ಅಂದ್ಬಿಡಬಹುದಿತ್ತು. ಕೇಳೋರು ಯಾರು?"

ಹದಿಮೂರು ಬೋಲ್ಟುಗಳು ಅಳತೆಯಲ್ಲಿ ಸರಿಯಾಗಿಯೇ ಇದ್ದವು. ಒಂದು ಮಾತ್ರ ಮಿತಿಯ ಅಂಚಿಗೆ ಬಂದು ನಿಂತಿತ್ತು, ದಾಟಿರಲಿಲ್ಲ. ಅವರು ಒಂದು ಹೊಸ ನಟ್ಟು ತೆಗೆದುಕೊಂಡು ಪ್ರತಿ ಬೋಲ್ಟಿಗೂ ಕೈಯಲ್ಲೇ ತಿರುಗಿಸಿ ನೋಡಿದರು. ಥ್ರೆಡ್ಡು ಚೆನ್ನಾಗಿದ್ದರೆ ನಟ್ಟು ತಾನಾಗಿ ಇಳಿಯುತ್ತದೆ, ಹಿಗ್ಗಿದ್ದರೆ ತಡೆಯುತ್ತದೆ. ಅಂಚಿನ ಬೋಲ್ಟಿನಲ್ಲಿ ನಟ್ಟು ಅರ್ಧಕ್ಕೆ ಹೋಗಿ ಬಿಗಿಯಾಯಿತು. ಎದೆಯಲ್ಲಿ ಸಣ್ಣ ಖುಷಿಯೊಂದು ಚಿಮ್ಮಿತು. ಆ ಖುಷಿಗೇ ಅವರು ಹೆದರಿದರು. ತಡೆದದ್ದು ಬೋಲ್ಟೋ, ತನ್ನ ಬೆರಳೋ? ಬೇಕೆಂದೇ ಒತ್ತಿ ಹಿಡಿದೆನೇ? ಮತ್ತೆ ತಿರುಗಿಸಿದರು. ತಡೆಯಿತು. ಆದರೂ ನಂಬಿಕೆ ಬರಲಿಲ್ಲ.

ಆಗ ಅವರು ಮಾಡಿದ್ದನ್ನು ವರ್ಕ್‌ಶಾಪಿನ ವೆಲ್ಡರ್ ಇವತ್ತಿಗೂ ನೆನೆಯುತ್ತಾರೆ. ಬೋಲ್ಟುಗಳನ್ನೆಲ್ಲ ಬಟ್ಟೆಯ ಮೇಲೆ ಕಲೆಸಿ ಹಾಕಿ, ಹೊರಗೆ ಅಂಗಿಗೆ ಇಸ್ತ್ರಿ ಹಾಕಿಸುವ ಮಾತಾಡುತ್ತಿದ್ದ ಗಂಡನನ್ನು ಒಳಕ್ಕೆ ಕರೆದರು.

"ರೀ, ಈ ನಟ್ಟನ್ನ ಒಂದೊಂದಕ್ಕೂ ತಿರುಗಿಸ್ತಾ ಹೋಗಿ."

"ಯಾಕೆ?"

"ತಿರುಗ್ಸಿ, ಆಮೇಲೆ ಹೇಳ್ತೀನಿ."

ಹೀಗೆಂದು ಗೋಡೆಯತ್ತ ಮುಖ ಮಾಡಿ ನಿಂತರು. ಹಿಂದೆ ನಟ್ಟು ಇಳಿಯುವ ಸದ್ದು, ಬಿಚ್ಚುವ ಸದ್ದು, ಬೋಲ್ಟನ್ನು ಬಟ್ಟೆಯ ಮೇಲಿಡುವ ಸದ್ದು. ನಡುವೆ ಒಂದು ಕಡೆ ಸದ್ದು ನಿಂತಿತು.

"ಇದು ಹೋಗ್ತಿಲ್ಲ ಕಣೆ. ಇಲ್ಲೇ ಸಿಕ್ಕಾಕೊಳ್ತಿದೆ."

ತಿರುಗಿ, ಅದನ್ನು ಮತ್ತೆ ಅಳೆದು ನೋಡಿದರು. ಅದೇ ಬೋಲ್ಟು.

"ಇದು ಕೆಟ್ಟಿದೆ ಅಂದ್ರೆ?" ಕ್ಯಾಪ್ಟನ್ ಕೇಳಿದರು.

"ಒಂದು ಕೆಟ್ರೆ ಎಲ್ಲಾ ಹೊಸದು ಹಾಕ್ಬೇಕು. ಒಟ್ಟಿಗೆ ದುಡಿದಿರೋವು, ಮಿಕ್ಕವನ್ನೂ ನಂಬಕ್ಕಾಗಲ್ಲ."

"ಭಾನುವಾರ?"

"ಲಾಂಚ್ ಹೊರಡಲ್ಲ." ಇಷ್ಟು ಹೇಳಿ ಸುಮ್ಮನಿರಲು ಅವರಿಂದಾಗಲಿಲ್ಲ. "ಕೆಟ್ಟಿರ್ಲಿ ಅಂತ ನಾನು ಬೇಡ್ಕೊಂಡಿದ್ದೆ. ಅದಕ್ಕೇ ನಿಮ್ಮ ಕೈಗೆ ಕೊಟ್ಟೆ."

ಕ್ಯಾಪ್ಟನ್ ಬೋಲ್ಟನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗಿದರು. "ನಿನ್ನೆಯಿಂದ ನೀನು ಅವನ್ನ ಉಜ್ತಿದ್ದ ರೀತಿ ನೋಡೇ ನನಗೆ ಗೊತ್ತಾಗಿತ್ತು" ಎಂದರು. ಕೋಪವಿರಲಿಲ್ಲ. ಮುಖ ಮಾತ್ರ ಸಪ್ಪಗಾಗಿತ್ತು.

ಈಗಿನ ಮ್ಯಾನೇಜರು ಒಪ್ಪಲಿಲ್ಲ. ಒಂದೇ ಒಂದು ಬೋಲ್ಟಿಗೆ ಇಷ್ಟು ರಂಪವೇ, ಹಳೆಯದನ್ನೇ ಹಾಕಿ ಭಾನುವಾರ ಕಳೆಯಿರಿ ಎಂದರು. ಕ್ಯಾಪ್ಟನ್ ಅಡ್ಡ ನಿಂತರು. "ಅವಳು ಬೇಡ ಅಂದ್ಮೇಲೆ ನಾನು ಚುಕ್ಕಾಣಿ ಮುಟ್ಟಲ್ಲ ಸರ್."

ಅಲ್ಲಿಗೆ ಕಥೆ ಮುಗಿದಿದ್ದರೆ ಸ್ಪ್ಯಾನರ್ ಅಕ್ಕನ ಹೊಟ್ಟೆ ತಣ್ಣಗಾಗುತ್ತಿತ್ತೇನೋ. ಆದರೆ ಆ ಮಾತು ಆಫೀಸಿನಿಂದ ದಡಕ್ಕೆ, ದಡದಿಂದ ಪೇಟೆಗೆ ಹೋಗುವಷ್ಟರಲ್ಲಿ ಬಣ್ಣ ಬದಲಿಸಿತು. ಪ್ರಯಾಣಿಕರ ಪ್ರಾಣ ದೊಡ್ಡದೆಂದು ತನ್ನ ಸನ್ಮಾನದ ಯಾನವನ್ನೇ ನಿಲ್ಲಿಸಿದ ಕ್ಯಾಪ್ಟನ್ ಎಂದು ಟಿವಿಯಲ್ಲಿ ಬಂತು. ಸನ್ಮಾನ ದಡದಲ್ಲೇ ನಡೆಯಿತು, ಮೊದಲು ಅಂದುಕೊಂಡದ್ದಕ್ಕಿಂತ ದುಪ್ಪಟ್ಟು ಜನ ಸೇರಿದರು. ಕ್ಯಾಪ್ಟನ್ ಮೈಕಿನಲ್ಲಿ, ಬೋಲ್ಟು ನೋಡಿ ಹೇಳಿದ್ದು ನನ್ನ ಹೆಂಡತಿ ಎಂದು ಎರಡು ಸಲ ಹೇಳಿದರು. ಜನ ಅದನ್ನೂ ಅವರ ದೊಡ್ಡ ಮನಸ್ಸಿನ ಖಾತೆಗೇ ಜಮಾ ಮಾಡಿ ಚಪ್ಪಾಳೆ ಹೊಡೆದರು. ಕೊನೆಗೆ, "ನನ್ನ ಬೆನ್ನ ಹಿಂದೆ ನಿಂತವಳು" ಎಂದು ಅವರು ಕೈತೋರಿದಾಗ ಕೊನೆಯ ಸಾಲಿನಲ್ಲಿದ್ದ ಇವರು, "ಹಿಂದೆ ಅಲ್ಲ, ಕೆಳಗೆ" ಎಂದು ಗೊಣಗಿದರು. ಪಕ್ಕದಲ್ಲಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ.

ಮುಂದಿನ ವಾರ ಹೊಸ ಬೋಲ್ಟುಗಳು ಬಂದವು. ನಡುವಿನಿಂದ ಅಂಚಿನತ್ತ, ಒಂದೇ ಸಲಕ್ಕೆ ಬಿಗಿಯದೆ ಸುತ್ತು ಸುತ್ತಾಗಿ, ಅವರೇ ಬಿಗಿದರು. ಲಾಂಚು ಮೊದಲಿನಂತೆ ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿದೆ. ಹಳೆಯ ಬೋಲ್ಟು ಹಾಕಿದ್ದರೆ ಏನಾಗುತ್ತಿತ್ತು?

"ತಡ್ಕೊಳ್ತಿತ್ತೇನೋ. ಯಾರಿಗೆ ಗೊತ್ತು. ನಮ್ಮ ಕೆಲಸದ ಹಣೆಬರಹವೇ ಅಷ್ಟು. ಸರಿಯಾಗಿ ಮಾಡಿದ್ರೆ ಏನೂ ಆಗಲ್ಲ. ಏನೂ ಆಗ್ದಿದ್ದನ್ನ ಜನಕ್ಕೆ ತೋರ್ಸೋದು ಹೇಗೆ?"

ಈಗಲೂ ಹೊಟ್ಟೆಕಿಚ್ಚು ಇದೆಯೇ ಎಂದರೆ ಅವರು ಮುಚ್ಚಿಡುವುದಿಲ್ಲ. ನಿನ್ನೆ ತಾನೇ ಯಾರೋ ಗಂಡನ ಜೊತೆ ಫೋಟೊ ತೆಗೆಸಿಕೊಂಡು ಹೋದರಂತೆ, ರಾತ್ರಿಯವರೆಗೂ ಇವರು ಗಂಡನನ್ನು ಮಾತಾಡಿಸಲಿಲ್ಲವಂತೆ. ಹಾಗಾದರೆ ಏನು ಬೇಕು, ಚುಕ್ಕಾಣಿಯೇ? ಅವರು ಎಣ್ಣೆಯ ಕೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಾರೆ.

"ಬೇಡ, ಈಗ ಅದೆಲ್ಲ ಬೇಡ. ಹೊಟ್ಟೆಕಿಚ್ಚೂ ಹೋಗ್ಲಿ ಅಂತ ಕೇಳಲ್ಲ, ಅದು ಇದ್ರೆ ಇರ್ಲಿ. ಕೈಗೆ ಮಾತ್ರ ಇಳೀದೆ ಇದ್ರೆ ಸಾಕು."