ಗೋಡೆ ಬಡಿಯುತ್ತಿದ್ದವಳು

ಹೊಲಿಗೆ ಅಕ್ಕ ಆ ಹಳೇ ಮನೆಯನ್ನು ಬಾಡಿಗೆಗೆ ಹಿಡಿದಾಗ ಬೀದಿಯವರೆಲ್ಲ ಬೇಡವೆಂದರು. ಅಲ್ಲಿ ಹೆಣ್ಣು ದೆವ್ವವಿದೆ, ಒಳಗಿನಿಂದ ಗೋಡೆ ಬಡಿಯುತ್ತದೆ ಎಂಬ ಮಾತಿತ್ತು. ಹೊಡೆಯುವ ಗಂಡನನ್ನು ಬಿಟ್ಟು, ಮುದಿ ತಾಯಿ ಮತ್ತು ಹೊಲಿಗೆ ಯಂತ್ರದೊಂದಿಗೆ ಬಂದಿದ್ದ ಅಕ್ಕ ನಕ್ಕುಬಿಟ್ಟಳು.

"ಬದುಕಿರೋನ ಕೈಲೇ ಅಷ್ಟು ಏಟು ತಿಂದಿದೀನಿ. ಸತ್ತೋರು ಇನ್ನೇನು ಮಾಡ್ತಾರೆ?"

ದೆವ್ವ ಬರಲಿಲ್ಲ, ತೇವ ಬಂತು. ಮೆಟ್ಟಿಲ ಕೆಳಗಿನ ಗೋಡೆಯ ಗಾರೆ ಉದುರಿ ಜನ ಹೊಲಿಯಲು ಕೊಟ್ಟ ಬಟ್ಟೆಗಳ ಮೇಲೆ ಬೀಳುತ್ತಿತ್ತು. ಮನೆ ಯಜಮಾನನಿಗೆ ಹೇಳಿ ಹೇಳಿ ನಾಲಿಗೆ ಸವೆದ ಮೇಲೆ ಅಕ್ಕ ತಾನೇ ಗಾರೆಯವನನ್ನು ಕರೆಸಿದಳು. ಅವನು ಸುತ್ತಿಗೆ ಹಾಕಿದ್ದೇ ತಡ, ಇಟ್ಟಿಗೆ ಒಳಕ್ಕೆ ಕುಸಿಯಿತು.

"ಅಕ್ಕಾ, ಹಿಂದೆ ಬಾಗಿಲಿದೆ!"

ಚಿಲಕ ಹೊರಗಿನಿಂದ ಹಾಕಿತ್ತು. ತೆಗೆದರೆ, ಒಳಗೆ ಕಾಲು ಚಾಚಿ ಮಲಗಲೂ ಆಗದಷ್ಟು ಜಾಗ. ಕೊಳೆತ ಚಾಪೆ, ನೆಗ್ಗಿದ ತಟ್ಟೆ, ಹಲ್ಲು ಮುರಿದ ಬಾಚಣಿಗೆ. ಬಾಗಿಲ ಒಳಮೈಯಲ್ಲಿ, ಕೂತವರ ಕೈಗೆ ಎಟುಕುವ ಎತ್ತರದಲ್ಲಿ, ಉಗುರಿನ ಗೀರುಗಳು. ಗಾರೆಯವನು ಸುತ್ತಿಗೆ ಕೆಳಗಿಟ್ಟು ಹೊರಗೆ ಹೋಗಿ ಕೂತ.

ಸದ್ದು ಕೇಳಿ ಎದುರುಮನೆಯ ಅಜ್ಜಿ ಬಂದಳು. ಬಾಚಣಿಗೆ ಕಂಡದ್ದೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಯಾರಜ್ಜಿ ಇದ್ದಿದ್ದು ಇಲ್ಲಿ?"

"ಈ ಮನೆ ಹಿರಿಸೊಸೆ. ಮಾವ ಕೈ ಹಿಡಿದು ಎಳೆದ ಅಂತ ನಾಲ್ಕು ಜನರ ಮುಂದೆ ಹೇಳಿದ್ಲು. ಹುಚ್ಚು ಹಿಡಿದಿದೆ ಅಂತ ಒಳಗೆ ಕೂಡಿದ್ರು. ಸತ್ತ ಮೇಲೆ ಗೋಡೆ ಕಟ್ಟಿದ್ರು."

"ನಿಮಗೆ ಗೊತ್ತಿತ್ತಾ?"

"ಬೀದಿಗೇ ಗೊತ್ತಿತ್ತು. ಹಗಲೆಲ್ಲ ಬಡೀತಿದ್ಲು."

"ಮತ್ತೆ ದೆವ್ವ ಅಂದ್ರಲ್ಲ?"

ಅಜ್ಜಿ ಬಾಯಿ ಒರೆಸಿಕೊಂಡಳು. "ಅವಳು ಬದುಕಿದ್ದಾಗ್ಲೇ ಹಾಗಂತಿದ್ವಿ ಕಣಮ್ಮಾ. ಏನದು ಸದ್ದು ಅಂತ ಮಕ್ಕಳು ಕೇಳೋವು. ದೆವ್ವ ಅಂದ್ರೆ ಸುಮ್ಮನಾಗೋವು. ಬರ್ತಾ ಬರ್ತಾ ನಾವೂ ನಂಬಿದ್ವಿ. ದೆವ್ವ ಅಂದ್ಮೇಲೆ ಯಾರೂ ಹೋಗಿ ಬಾಗಿಲು ತೆಗೀಬೇಕಿಲ್ಲ ನೋಡು."

ಅಕ್ಕನಿಗೆ ಗಂಡನ ಮನೆ ನೆನಪಾಯಿತು. ತಾನು ಏಟು ತಿನ್ನುವಾಗೆಲ್ಲ ಪಕ್ಕದ ಮನೆಯವರು ರೇಡಿಯೋ ಜೋರು ಮಾಡುತ್ತಿದ್ದರು.

ಸುದ್ದಿ ಮುಟ್ಟಿ ಯಜಮಾನ ಓಡಿ ಬಂದ. ಸತ್ತವಳು ಅವನಿಗೆ ದೊಡ್ಡಮ್ಮ.

"ಮುಗಿದುಹೋದ ಕತೆ ಈಗ್ಯಾಕೆ ಕೆದಕ್ತೀರಿ? ಮೊದಲು ಅದನ್ನ ಮುಚ್ಚಿಸಿ, ಇಲ್ಲಾ ಮನೆ ಖಾಲಿ ಮಾಡಿ."

"ಮುಚ್ಚೋ ಕೆಲಸ ನಿಮ್ಮ ಮನೆತನದ್ದು. ನಂದಲ್ಲ," ಎಂದಳು ಅಕ್ಕ.

ಬೀದಿಯಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬಟ್ಟೆ ಹೊಲಿಸುತ್ತಿದ್ದ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ಅಕ್ಕ ಮನೆ ಬಿಟ್ಟಳು. ಗೋಡೆ ಮತ್ತೆ ಎದ್ದಿತು, ಅದರ ಮೇಲೆ ಸುಣ್ಣವೂ ಬಿತ್ತು.

ಈಗ ಊರಿನ ಇನ್ನೊಂದು ತುದಿಯಲ್ಲಿ ಅವಳ ವಾಸ. ಮೇಲಿನ ಮಹಡಿಯಲ್ಲಿ ಕಿರುಚಾಟ ಕೇಳಿದರೆ ಕತ್ತರಿ ಕೆಳಗಿಟ್ಟು ಮೆಟ್ಟಿಲು ಹತ್ತುತ್ತಾಳೆ. ಇಲ್ಲದ ಉಸಾಬರಿ ಯಾಕೆಂದು ತಾಯಿ ಗೊಣಗುತ್ತಾಳೆ. ಮೊನ್ನೆ ಮೇಲಿನವನು ಬಾಗಿಲು ತೆರೆದು ಬಾಯಿಗೆ ಬಂದಂತೆ ಬೈದ. ಅಕ್ಕ ಅವನ ಹಿಂದೆ ನಿಂತಿದ್ದ ಹೆಂಡತಿಯನ್ನು ನೋಡಿ, "ಊಟ ಆಯ್ತೇನಮ್ಮಾ?" ಎಂದು ಕೇಳಿದಳು. ಉತ್ತರ ಬರುವವರೆಗೂ ಅಲ್ಲಿಂದ ಕದಲಲಿಲ್ಲ.